ರೈಡ್ ಎರಡು ನಿಮಿಷ, ದಿನ ಹನ್ನೆರಡು ಗಂಟೆ: ಸೊಂಟನೋವಿನ ಟೀಚರ್ ಒಬ್ಬರ ವಂಡರ್‌ಲಾ ಪ್ರಕರಣ

ಮಂಡ್ಯ ಕಡೆಯ ಹೈಸ್ಕೂಲ್ ಟೀಚರ್ ಒಬ್ಬರು. ವಯಸ್ಸು 43. ಎರಡು ವರ್ಷದ ಹಿಂದೆ ಅಡುಗೆಮನೆಯಲ್ಲಿ ತುಂಬಿದ ಸಿಲಿಂಡರ್ ಎಳೆಯುವಾಗ ಸೊಂಟ ಹಿಡಿದುಕೊಂಡಿತು. ಸಿಲಿಂಡರ್ ಅಂದರೆ 14.2 ಕೆಜಿ ಅಂತ ಎಲ್ಲರ ಬಾಯಲ್ಲೂ ಬರುತ್ತದೆ. ಅದು ಒಳಗಿನ ಗ್ಯಾಸ್‌ನ ತೂಕ ಮಾತ್ರ. ಕಬ್ಬಿಣವೂ ಸೇರಿದರೆ 30 ಕೆಜಿ ಹತ್ತಿರ ಬರುತ್ತದೆ. ಮೂರು ದಿನ ಬರೀ ಸೊಂಟನೋವು. ನಾಲ್ಕನೇ ದಿನ ನೋವು ಎಡಗಾಲಿಗೆ ಇಳಿಯಿತು. ತೊಡೆಯ ಹಿಂಭಾಗ, ಮೀನಖಂಡದ ಹೊರಬದಿ, ಆಮೇಲೆ ಪಾದದ ಮೇಲ್ಭಾಗ, ಹೆಬ್ಬೆರಳು. ಕೆಮ್ಮಿದರೂ ಕಾಲಿಗೆ ಚಳುಕು. ಮೂಳೆ ಡಾಕ್ಟರು ಎಂಆರ್‌ಐ ಮಾಡಿಸಿದರು. ಸೊಂಟದ ಕೊನೆಯ ಎರಡು ಮೂಳೆಗಳ (ಎಲ್4–ಎಲ್5) ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರಕ್ಕೆ ತಾಗಿತ್ತು. ಆಪರೇಷನ್ ಬೇಡ, ಮಾತ್ರೆ ಮತ್ತು ಫಿಸಿಯೋ ಸಾಕು ಅಂದರು. ಹಾಗೆ ಫಿಸಿಯೋಥೆರಪಿಸ್ಟ್ ಆದ ನನ್ನ ಹತ್ತಿರ ಬಂದರು.

ಡಿಸ್ಕ್‌ನಿಂದ ಬರುವ ಕಾಲುನೋವು ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ತಾನಾಗೇ ಇಳಿಯುತ್ತದೆ. ಇವರಿಗೂ ಇಳಿಯಿತು. ನಾನು ಹೇಳಹೊರಟಿರುವ ವಿಷಯ ಶುರುವಾಗುವ ಹೊತ್ತಿಗೆ ಕಾಲುನೋವು ಹೋಗಿ ಎಂಟು ತಿಂಗಳಾಗಿತ್ತು. ಉಳಿದದ್ದು ಸೊಂಟದ ಬಿಗಿತ. ಎರಡು ಪೀರಿಯಡ್ ಸತತ ನಿಂತು ಪಾಠ ಮಾಡಿದರೆ ಬರುತ್ತಿತ್ತು, ಬಸ್ಸಿನಲ್ಲಿ ದೂರ ಹೋದರೆ ಬರುತ್ತಿತ್ತು. ನಡೆದರೆ ಆರಾಮ.

ಮಗಳು ಎಸ್ಸೆಸ್ಸೆಲ್ಸಿ ಬರೆದಿದ್ದಳು. ಪರೀಕ್ಷೆ ಮುಗಿದ ಮೇಲೆ ವಂಡರ್‌ಲಾಗೆ ಹೋಗೋಣ ಅಂತ ವರ್ಷದ ಹಿಂದೆಯೇ ಮಾತಾಗಿತ್ತು. ಅವಳ ಷರತ್ತು ಒಂದೇ: "ಅಮ್ಮ, ನೀನೂ ಬರ್ಬೇಕು. ಬ್ಯಾಗ್ ಕಾಯೋದಕ್ಕಲ್ಲ."

ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮ ಮನೆಗಳಲ್ಲಿ ಪಾರ್ಕಿಗೆ ಹೋದರೆ ಒಬ್ಬರು ಚಪ್ಪಲಿ, ಟವೆಲ್, ನೀರಿನ ಬಾಟಲಿ ಇಟ್ಟುಕೊಂಡು ಬೆಂಚಿನ ಮೇಲೆ ಕೂರಲೇಬೇಕು. ಆ ಒಬ್ಬರು ಯಾವಾಗಲೂ ಅಮ್ಮನೇ. ಸೊಂಟನೋವು ಬಂದಮೇಲಂತೂ ಆ ಕೆಲಸ ಖಾಯಂ ಆಗಿಬಿಡುತ್ತದೆ.

ಮನೆಯಲ್ಲಿ ಎಲ್ಲರದ್ದೂ ಒಂದೊಂದು ಮಾತು. "ಸುಮ್ನೆ ಮನೇಲಿರಮ್ಮ, ಇದ್ದ ನೋವು ಸಾಲ್ದಾ" ಅಂತ ಅತ್ತೆ. "ಬರ್ಲಿ ಬಿಡಮ್ಮ, ಆದ್ರೆ ಏನೂ ಹತ್ತೋದು ಬೇಡ" ಅಂತ ಗಂಡ. ಸ್ಟಾಫ್ ರೂಮಿನಲ್ಲಿ ಒಬ್ಬರು, ಡಿಸ್ಕ್ ಪೂರ್ತಿ ಜಾರಿಬಿಡುತ್ತದೆ ಅಂತ ಹೆದರಿಸಿದ್ದರು. ಟೀಚರ್ ನನ್ನ ಮುಂದೆ ಕುಳಿತು ಕೇಳಿದ್ದು ಇಷ್ಟೇ: "ಮೇಡಂ, ಹೋಗ್ಬಹುದಾ? ಹೋದ್ರೆ ಯಾವ್ದು ಹತ್ಬಹುದು? ನಿಜ ಹೇಳಿ."

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಹೋಗಬಹುದಾ?

ಪಾರ್ಕಿನ ಮಾತಿಗೆ ಮೊದಲು ಕೆಲವು ಪ್ರಶ್ನೆ ಕೇಳಲೇಬೇಕು. ಮೂತ್ರ, ಮಲದ ಮೇಲೆ ಹಿಡಿತ ಹೇಗಿದೆ? ಒಳತೊಡೆ, ಗುಪ್ತಾಂಗದ ಸುತ್ತ ಜೋಮು ಇದೆಯಾ? ಎರಡೂ ಕಾಲಲ್ಲಿ ಶಕ್ತಿ ಕಮ್ಮಿ ಅನ್ನಿಸುತ್ತಾ? ಇದರಲ್ಲಿ ಯಾವುದೇ ಒಂದು ಹೊಸದಾಗಿ ಶುರುವಾಗಿದ್ದರೂ ಅದು ಫಿಸಿಯೋ ಹತ್ತಿರ ಬರುವ ಕೇಸಲ್ಲ. ಅದೇ ದಿನ ಆಸ್ಪತ್ರೆಗೆ ಓಡಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹೇಗೆ ಮಲಗಿದರೂ ರಾತ್ರಿ ಬಿಡದ ನೋವು, ಹಿಂದೆ ಕ್ಯಾನ್ಸರ್ ಇದ್ದದ್ದು, ಮೂಳೆ ಸವೆತ (ಮೂಳೆ ಟೊಳ್ಳಾಗುವುದು), ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದು, ಇವನ್ನೂ ಕೇಳಬೇಕು. ಟೀಚರ್‌ಗೆ ಯಾವುದೂ ಇರಲಿಲ್ಲ.

ಅಂಗಾತ ಮಲಗಿಸಿ, ಮಂಡಿ ಮಡಿಸದೆ ಎಡಗಾಲು ಎತ್ತಿಸಿದೆ. ನೋವಿನ ದಿನಗಳಲ್ಲಿ ಆ ಕಾಲು 30 ಡಿಗ್ರಿ ದಾಟುತ್ತಿರಲಿಲ್ಲ. ಈಗ ಬಲಗಾಲಿನಷ್ಟೇ ಮೇಲೆ ಹೋಯಿತು. ಹಿಮ್ಮಡಿಯ ಮೇಲೆ ನಡೆದರು, ತುದಿಗಾಲಲ್ಲಿ ನಡೆದರು. ಹೆಬ್ಬೆರಳ ಶಕ್ತಿ ಎರಡೂ ಕಡೆ ಸಮ. ಅಂದರೆ ನರ ಸುಧಾರಿಸಿಕೊಂಡಿದೆ.

ಆದರೂ ಅವರ ಕೈಯಲ್ಲಿ ಆ ಹಳೆಯ ಎಂಆರ್‌ಐ ಕವರ್ ಇತ್ತು. ಎಲ್ಲಿ ಹೋದರೂ ತರುತ್ತಾರೆ. "ಇದ್ರಲ್ಲಿ ಡಿಸ್ಕ್ ಬಲ್ಜ್ ಅಂತ ಇದೆಯಲ್ಲ ಮೇಡಂ?" 2015ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯಲ್ಲಿ, ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ್ದರು. 40ರ ಆಸುಪಾಸಿನವರಲ್ಲಿ ಸುಮಾರು ಅರ್ಧ ಜನಕ್ಕೆ ಡಿಸ್ಕ್ ಉಬ್ಬಿತ್ತು. 20 ವರ್ಷದವರಲ್ಲೇ ಶೇ. 30ರಷ್ಟು. ಇವರೆಲ್ಲ ನೋವಿಲ್ಲದವರು, ನೆನಪಿರಲಿ. ಹಾಗಾಗಿ ಎರಡು ವರ್ಷದ ಹಿಂದಿನ ಫೋಟೋ ನೋಡಿ ಇವತ್ತಿನ ಬೆನ್ನಿಗೆ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಮನೆಯಲ್ಲೇ ಇದ್ದರೆ ಕ್ಷೇಮ ಅನ್ನುವುದೂ ಅಷ್ಟು ಗಟ್ಟಿಯಾದ ಮಾತಲ್ಲ. 1995ರಲ್ಲಿ ಹೆಲ್ಸಿಂಕಿಯ ನಗರಪಾಲಿಕೆ ನೌಕರರ ಮೇಲೆ ಒಂದು ಅಧ್ಯಯನ ನಡೆಯಿತು. ಹೊಸದಾಗಿ ಸೊಂಟ ಹಿಡಿದವರಲ್ಲಿ ಕೆಲವರಿಗೆ ಎರಡು ದಿನ ಹಾಸಿಗೆ, ಕೆಲವರಿಗೆ ವ್ಯಾಯಾಮ, ಉಳಿದವರಿಗೆ ನೋವು ಬಿಟ್ಟಷ್ಟು ಮಾಮೂಲಿ ಕೆಲಸ. ಮಾಮೂಲಿ ಕೆಲಸ ಮಾಡಿಕೊಂಡಿದ್ದವರೇ ಬೇಗ ಸುಧಾರಿಸಿದರು. ಆಮೇಲೆ ಬಂದ ಮಾರ್ಗಸೂಚಿಗಳೂ ಸಾಮಾನ್ಯವಾಗಿ ಇದನ್ನೇ ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನಕ್ಕೆ ಸೊಂಟನೋವಿತ್ತು. ಇಷ್ಟು ಜನವನ್ನೂ ಬೆಂಚಿನ ಮೇಲೆ ಕೂರಿಸೋದಕ್ಕೆ ಆಗುತ್ತಾ?

ಹೋಗಬಹುದು ಅಂದೆ. ಟೀಚರ್ ಮುಖ ಅರಳಿತು. "ರಿಕಾಯಿಲ್‌ಗೂ?" ಅಂದರು. ಅದು ಅಲ್ಲಿನ ರೋಲರ್ ಕೋಸ್ಟರ್, ಮಗಳ ಪಟ್ಟಿಯಲ್ಲಿ ಮೊದಲನೆಯದು.

ರೈಡ್‌ಗಳನ್ನು ಬೆನ್ನಿನ ಕಣ್ಣಲ್ಲಿ ನೋಡುವುದು

ವಂಡರ್‌ಲಾ ಬೆಂಗಳೂರಿನಿಂದ ಸುಮಾರು 28 ಕಿಮೀ ದೂರ, ಮೈಸೂರು ರಸ್ತೆಯಲ್ಲಿ ಬಿಡದಿ ಹತ್ತಿರ ಇದೆ. 2005ರಲ್ಲಿ ಶುರುವಾಯಿತು. ಅಲ್ಲಿನ ದೊಡ್ಡ ರೈಡ್‌ಗಳ ಮುಂದೆ ಬೋರ್ಡ್ ಇರುತ್ತದೆ: ಹೃದಯದ ತೊಂದರೆ, ಬೆನ್ನು ಅಥವಾ ಕುತ್ತಿಗೆಯ ತೊಂದರೆ ಇರುವವರು, ಗರ್ಭಿಣಿಯರು ಹತ್ತಬೇಡಿ. ಯಾವ ಪಾರ್ಕಿಗೆ ಹೋದರೂ ಹೆಚ್ಚುಕಮ್ಮಿ ಇದೇ ಮಾತು. ಹ್ಯಾಂಡಲ್ ಹಿಡಿದು ನಿಂತ ಹುಡುಗ ಬಂದವರ ಕಾಲೆತ್ತಿಸಿ ಪರೀಕ್ಷೆ ಮಾಡೋದಕ್ಕಾಗಲ್ಲ, ಹಾಗಾಗಿ ಎಲ್ಲರಿಗೂ ಸೇರಿಸಿ ಬರೆದಿರುತ್ತಾರೆ. ಆದರೆ ಬೋರ್ಡ್ ದಾಟಿ ಹೋಗಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಸುಳ್ಳು ಹೇಳಿ ಹತ್ತುವುದಂತೂ ಬೇಡವೇ ಬೇಡ. ಬೋರ್ಡಿನಲ್ಲಿ ಬೆನ್ನಿನ ಹೆಸರಿರುವ ರೈಡ್ ಬಿಟ್ಟುಬಿಡೋಣ, ಉಳಿದದ್ದರಲ್ಲಿ ಆರಿಸೋಣ ಅಂತ ಮಾತಾಯಿತು. ರಿಕಾಯಿಲ್ ಅಲ್ಲಿಗೇ ಪಟ್ಟಿಯಿಂದ ಹೋಯಿತು.

ಬೇಡ ಅಂದರೆ ಸಾಲದು, ಯಾಕೆ ಬೇಡ ಅಂತಲೂ ಗೊತ್ತಾಗಬೇಕು. ಅವರು ಟೀಚರ್ ಬೇರೆ. ಕಾಗದ ತೆಗೆದು ಕುಳಿತೆವು.

ರಿಕಾಯಿಲ್ ಹಿಂದುಮುಂದಾಗಿ ಓಡುವ ಕೋಸ್ಟರ್. ಮೊದಲು ಬಂಡಿಯನ್ನು ಹಿಮ್ಮುಖವಾಗಿ ಮೇಲಕ್ಕೆ ಎಳೆದು ಬಿಡುತ್ತದೆ. ಅದು ತಲೆಕೆಳಗಾಗಿ ಸುತ್ತುತ್ತಾ ಎದುರಿನ ಎತ್ತರಕ್ಕೆ ಹೋಗಿ, ಬಂದ ದಾರಿಯಲ್ಲೇ ಬೆನ್ನು ಮುಂದಾಗಿ ವಾಪಸ್ ಬರುತ್ತದೆ. ದೊಡ್ಡ ಕೋಸ್ಟರ್‌ಗಳ ಸುತ್ತುಗಳಲ್ಲಿ ಕೆಲವು ಕ್ಷಣ 4 ಜಿ, ಅಂದರೆ ಮಾಮೂಲಿ ತೂಕದ ನಾಲ್ಕು ಪಟ್ಟಿನ ಹತ್ತಿರ ಹೋಗುವುದುಂಟು. 60 ಕೆಜಿ ತೂಗುವವರು ಆ ಕ್ಷಣದಲ್ಲಿ ಸೀಟನ್ನು 240 ಕೆಜಿ ತೂಗುವವರಂತೆ ಒತ್ತುತ್ತಾರೆ. ಸೊಂಟದ ಮೇಲಿರುವ ಎದೆ, ತೋಳು, ತಲೆ ಎಲ್ಲದರ ತೂಕವೂ ಅಷ್ಟೇ ಪಟ್ಟು ಏರಿ ಕೆಳಗಿನ ಡಿಸ್ಕ್‌ಗಳ ಮೇಲೆ ಕೂರುತ್ತದೆ.

ಆದರೆ ನನಗೆ ಹೆಚ್ಚು ಚಿಂತೆ ತೂಕದ್ದಲ್ಲ, ವಾಪಸ್ ಬರುವ ದಾರಿಯದ್ದು. ಮುಂದೆ ಏನು ಬರುತ್ತದೆ ಅಂತ ಕಂಡರೆ ಹೊಟ್ಟೆ, ಸೊಂಟದ ಸ್ನಾಯುಗಳು ತಾವಾಗೇ ಬಿಗಿಯಾಗಿ ಬೆನ್ನುಮೂಳೆಯನ್ನು ಹಿಡಿದುಕೊಳ್ಳುತ್ತವೆ. ಬೆನ್ನು ಮುಂದಾಗಿ ಹೋಗುವಾಗ ತಿರುವು ಕಾಣುವುದಿಲ್ಲ. ಸ್ನಾಯು ಎಚ್ಚರಾಗುವ ಹೊತ್ತಿಗೆ ಏಟು ಬಿದ್ದಿರುತ್ತದೆ.

ಇದೇ ಕಾರಣಕ್ಕೆ ಡ್ಯಾಶಿಂಗ್ ಕಾರನ್ನೂ ಹೊಡೆದು ಹಾಕಿದೆ. ಟೀಚರ್‌ಗೆ ಆಶ್ಚರ್ಯ. "ಅದು ಮಕ್ಕಳಾಟ ಅಲ್ವಾ ಮೇಡಂ?" ನೋಡೋದಕ್ಕೆ ಮಕ್ಕಳಾಟವೇ. ಆದರೆ ಯಾರೋ ಹುಡುಗ ಹಿಂದಿನಿಂದ ಗುದ್ದುತ್ತಾನೆ, ಇನ್ನೊಬ್ಬ ಪಕ್ಕದಿಂದ. ನೀವು ಸ್ಟೇರಿಂಗ್ ತಿರುಗಿಸುತ್ತಾ ಸೊಂಟ ತಿರುಚಿ ಕುಳಿತಿರುತ್ತೀರಿ. ತಿರುಚಿದ ಸೊಂಟಕ್ಕೆ ಹೇಳದೆ ಕೇಳದೆ ಬೀಳುವ ಏಟು, ಇವರ ಡಿಸ್ಕ್‌ಗೆ ನಾನು ಯಾವತ್ತೂ ಬಯಸದಂಥದ್ದು. ರೈಡ್ ಎಷ್ಟು ಎತ್ತರ ಇದೆ ಅಂತ ನೋಡಿ ಜನ ಹೆದರುತ್ತಾರೆ. ಬೆನ್ನಿಗೆ ಎತ್ತರ ಗೊತ್ತಾಗುವುದಿಲ್ಲ, ಜರ್ಕ್ ಗೊತ್ತಾಗುತ್ತದೆ.

ಹಾಗಾಗಿ ಸ್ಕೈ ವೀಲ್‌ಗೆ ಧಾರಾಳವಾಗಿ ಹೂಂ ಅಂದೆ. ಎತ್ತರದ ಗೋಪುರದ ತುದಿಯಲ್ಲಿ ಕೂರಿಸಿರುವ ಜಾಯಿಂಟ್ ವೀಲ್ ಅದು. ಹೊಟ್ಟೆಯಲ್ಲಿ ಚಿಟ್ಟೆ ಹಾರಬಹುದು, ಸೊಂಟಕ್ಕೆ ಏನೂ ಆಗುವುದಿಲ್ಲ.

ಕೊಲಂಬಸ್ ಅನ್ನುವ ಹಡಗಿನ ತರಹ ತೂಗುವ ರೈಡ್‌ಗಳ ಬಗ್ಗೆ ಸ್ವಲ್ಪ ಲೆಕ್ಕ ಮಾಡಿದೆವು. ಉಯ್ಯಾಲೆ 60 ಡಿಗ್ರಿವರೆಗೆ ಹೋಗಿ ಬಂದರೆ ತಳದಲ್ಲಿ ದೇಹದ ತೂಕ ದುಪ್ಪಟ್ಟಾಗುತ್ತದೆ. 90 ಡಿಗ್ರಿ ಹೋದರೆ ಮೂರು ಪಟ್ಟು. (ಟೀಚರ್ ಅವರೇ ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಿದರು, ವಿಜ್ಞಾನದವರು.) ತೂಕ ಏರುತ್ತದೆ, ಆದರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಪ್ರತಿ ತೂಗಿಗೂ ಒಂದೇ ಲಯ. ಎರಡನೇ ಸಲಕ್ಕೇ ಬೆನ್ನಿಗೆ ಲಯ ಸಿಗುತ್ತದೆ. ಹಡಗಿನ ತುದಿಯ ಸೀಟು ಅತಿ ಎತ್ತರಕ್ಕೆ ಹೋಗುತ್ತದೆ, ಮಧ್ಯದ ಸೀಟು ಅಷ್ಟು ಹೋಗುವುದಿಲ್ಲ. ಬೋರ್ಡಿನಲ್ಲಿ ಬೆನ್ನಿನ ಮಾತು ಇಲ್ಲದಿದ್ದರೆ, ಮಧ್ಯದಲ್ಲಿ ಸೀಟು ಸಿಕ್ಕಿದರೆ ಮಾತ್ರ ಹತ್ತಿ ಅಂದೆ.

ಸೀಟಿನ ಮಾತು ಬಂದಾಗ ಅವರಿಗೊಂದು ಕಥೆ ಹೇಳಿದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಡೇವಿಡ್ ವಾರ್ಟಿಂಗರ್ ಅವರ ರೋಗಿಗಳು, ಫ್ಲಾರಿಡಾದ ಡಿಸ್ನಿ ಪಾರ್ಕಿನ ಕೋಸ್ಟರ್ ಹತ್ತಿದ ಮೇಲೆ ಕಿಡ್ನಿ ಕಲ್ಲು ಬಿತ್ತು ಅನ್ನುತ್ತಿದ್ದರಂತೆ. ವಾರ್ಟಿಂಗರ್ ಕಿಡ್ನಿಯ ಮಾದರಿಯೊಂದನ್ನು ಮಾಡಿಸಿ, ಅದರಲ್ಲಿ ಕಲ್ಲಿಟ್ಟು, ಬ್ಯಾಗಿನಲ್ಲಿ ಹಿಡಿದುಕೊಂಡು ಅದೇ ಕೋಸ್ಟರ್ ಮತ್ತೆ ಮತ್ತೆ ಹತ್ತಿದರು. ಹಿಂದಿನ ಸೀಟಿನಲ್ಲಿ ಕುಳಿತಾಗ ಸುಮಾರು ಶೇ. 64ರಷ್ಟು ಸಲ ಕಲ್ಲು ಜರುಗಿತು. ಮುಂದಿನ ಸೀಟಿನಲ್ಲಿ ಶೇ. 17ರಷ್ಟು ಮಾತ್ರ. 2016ರಲ್ಲಿ ಇದು ಪ್ರಕಟವಾಯಿತು, 2018ರಲ್ಲಿ ಇದಕ್ಕೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ನಗು ಬರುವ ಸಂಶೋಧನೆ. ಆದರೆ ನನ್ನ ರೋಗಿಗಳಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ, ಯಾಕೆಂದರೆ ಒಂದೇ ಬಂಡಿಯಲ್ಲಿ ಸೀಟು ಬದಲಾದರೆ ಕುಲುಕಾಟ ಎಷ್ಟು ಬದಲಾಗುತ್ತದೆ ಅನ್ನುವುದು ಇದರಿಂದ ಥಟ್ಟನೆ ತಿಳಿಯುತ್ತದೆ. ಟೀಚರ್ ತಕ್ಷಣ ಅಂದರು, "ನಮ್ಮ ಊರಿನ ಬಸ್ಸಿನ ಹಿಂದಿನ ಸೀಟು ಗೊತ್ತಲ್ಲ ಮೇಡಂ, ಅದಕ್ಕೆ ಸಂಶೋಧನೆ ಬೇಕಾ?"

ಆ ಮಾತು ಉಪಯೋಗಕ್ಕೆ ಬಂತು. ದಿನಾ ಶಾಲೆಗೆ ಬಸ್ಸಿನಲ್ಲಿ ಹೋಗುವವರು ಅವರು. ಹಿಂದಿನ ಸೀಟು ಸಿಕ್ಕಿದರೂ ಸೊಂಟ ತಡೆಯುತ್ತಾ ಅಂದೆ. ಹಂಪ್‌ನಲ್ಲಿ ಎಗರಿಸುತ್ತದೆ, ಆದರೆ ನೋವು ಬರಲ್ಲ ಅಂದರು. ಹಾಗಾದರೆ ಮಕ್ಕಳ ಪುಟ್ಟ ಕೋಸ್ಟರ್, ರೈಲು, ನಿಧಾನಕ್ಕೆ ತಿರುಗುವವು, ಇವೆಲ್ಲ ಅವರ ಬೆನ್ನು ದಿನಾ ಪಾಸು ಮಾಡುತ್ತಿರುವ ಪರೀಕ್ಷೆಗಿಂತ ಸುಲಭ.

ನೀರಿನ ಕಡೆ ಸ್ಲೈಡ್‌ಗಳು ಬೇಡ ಅಂದೆ. ಕೊಳವೆಯ ಜೋಡಣೆಗಳು ಬೆನ್ನಿಗೆ ಬಡಿಯುತ್ತವೆ. ಟ್ಯೂಬ್ ಇರುವ ಕಡೆ ಅದನ್ನು ಹೊತ್ತು ಒದ್ದೆ ಮೆಟ್ಟಿಲು ಹತ್ತಬೇಕು. ಅಲೆ ಏಳುವ ವೇವ್ ಪೂಲ್, ನಿಧಾನಕ್ಕೆ ಹರಿಯುವ ಲೇಜಿ ರಿವರ್, ಕೃತಕ ಮಳೆಯಲ್ಲಿ ಕುಣಿಯುವ ರೈನ್ ಡಿಸ್ಕೋ ಎಷ್ಟು ಹೊತ್ತಾದರೂ ಇರಲಿ. ಸೊಂಟದವರೆಗೆ ನೀರಿದ್ದರೆ ಕಾಲು ಹೊರುವ ತೂಕ ಅರ್ಧಕ್ಕೆ ಇಳಿಯುತ್ತದೆ. ಎದೆವರೆಗೆ ಇದ್ದರೆ ಇನ್ನೂ ಕಮ್ಮಿ. ಬೆನ್ನುನೋವಿನವರಿಗೆ ಪಾರ್ಕಿನಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಸಾಲು

ಇಷ್ಟೂ ರೈಡ್‌ಗಳ ಮಾತು. ನನ್ನ ಅಭಿಪ್ರಾಯದಲ್ಲಿ ಇದು ಚಿಕ್ಕ ಭಾಗ. ಒಂದು ರೈಡ್ ಎರಡು ನಿಮಿಷ. ದಿನಕ್ಕೆ ಹತ್ತು ಹತ್ತಿದರೂ ಇಪ್ಪತ್ತು ನಿಮಿಷ. ಮನೆ ಬಿಟ್ಟು ಮನೆ ಸೇರುವವರೆಗೆ ಹನ್ನೆರಡು ಗಂಟೆ. ಉಳಿದ ಹೊತ್ತಲ್ಲಿ ಬೆನ್ನು ಏನು ಮಾಡುತ್ತಿರುತ್ತದೆ? ಕಾರಿನಲ್ಲಿ ಕೂರುತ್ತದೆ, ಸಾಲಿನಲ್ಲಿ ನಿಲ್ಲುತ್ತದೆ, ಬ್ಯಾಗ್ ಹೊರುತ್ತದೆ, ಬಗ್ಗಿ ಮಗುವಿನ ಬಟ್ಟೆ ಬದಲಿಸುತ್ತದೆ. ಟೀಚರ್‌ಗೆ ನಡೆದರೆ ನೋವಿಲ್ಲ, ನಿಂತರೆ ನೋವು. ಅವರ ಶತ್ರು ರಿಕಾಯಿಲ್ ಅಲ್ಲ, ರಿಕಾಯಿಲ್‌ನ ಕ್ಯೂ.

ಮೊದಲು ದಿನ ಬದಲಿಸಿದೆವು. ಭಾನುವಾರ ಅಂತಿದ್ದದ್ದು ವಾರದ ಮಧ್ಯಕ್ಕೆ ಬಂತು. ಗಂಡ ರಜೆ ಹಾಕಬೇಕಾಯಿತು, ಸ್ವಲ್ಪ ಗೊಣಗಿದರು. ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಳ್ಳಿ ಅಂದೆ, ಅದರಲ್ಲಿ ಸಾಲು ಚಿಕ್ಕದು. ದುಡ್ಡು ಜಾಸ್ತಿ, ನಿಜ. ನಾಲ್ಕು ಜನಕ್ಕೂ ಬೇಡ ಅಂತ ಅವರೇ ಲೆಕ್ಕ ಹಾಕಿ ಬಿಟ್ಟರು. ರಜೆ ಹಾಕಿದ್ದೇ ಸಾಕಷ್ಟು ಕೆಲಸ ಮಾಡಿತು.

ನಿಂತಾಗ ಬರುವ ಬಿಗಿತಕ್ಕೆ ಏನು ಮಾಡಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರಹ. ನಮ್ಮ ಕಡೆ ಜನ ಸಾಲಿನಲ್ಲಿ ಸುಸ್ತಾದರೆ ಕುಕ್ಕರಗಾಲಲ್ಲಿ ಕೂರುತ್ತಾರೆ. ವಯಸ್ಸಾದವರಲ್ಲಿ, ಬೆನ್ನುಹುರಿಯ ದಾರಿ ಕಿರಿದಾಗಿ ಕಾಲು ಜೋಮು ಹಿಡಿಯುವವರಿಗೆ ಅದು ತುಂಬಾ ಆರಾಮ ಕೊಡುತ್ತದೆ. ಮುಂದೆ ಬಾಗಿದರೆ ಆ ದಾರಿ ಅಗಲವಾಗುತ್ತದೆ. ಟೀಚರ್ ಕೇಸ್ ತದ್ವಿರುದ್ಧ. ಬಾಗಿ ಕುಳಿತಷ್ಟೂ ಅವರಿಗೆ ಬಿಗಿತ ಜಾಸ್ತಿ, ಹಿಂದಕ್ಕೆ ಬಾಗಿದರೆ ಸಡಿಲ. ನ್ಯೂಜಿಲೆಂಡಿನ ಫಿಸಿಯೋ ರಾಬಿನ್ ಮೆಕೆಂಜಿ 1950ರ ದಶಕದಲ್ಲಿ ಇದನ್ನು ಕಂಡುಕೊಂಡದ್ದು ಆಕಸ್ಮಿಕವಾಗಿ. ಕಾಲುನೋವಿನ ರೋಗಿಯೊಬ್ಬ ಎದೆ ಭಾಗ ಎತ್ತಿದ್ದ ಟೇಬಲ್ ಮೇಲೆ ತಪ್ಪಿ ಬೋರಲು ಮಲಗಿಬಿಟ್ಟ. ಮೆಕೆಂಜಿ ಬಂದು ನೋಡುವಷ್ಟರಲ್ಲಿ ಅವನಿಗೆ ಎಷ್ಟೋ ದಿನದಿಂದ ಇರದಷ್ಟು ಆರಾಮ. ನಮ್ಮ ಭುಜಂಗಾಸನದ ಭಂಗಿಯೇ ಅದು ಹೆಚ್ಚುಕಮ್ಮಿ. ಟೀಚರ್‌ಗೆ ನಿಂತಲ್ಲೇ ಮಾಡುವುದನ್ನು ಕಲಿಸಿದೆ: ಎರಡೂ ಅಂಗೈ ಸೊಂಟದ ಹಿಂದೆ, ಮಂಡಿ ನೆಟ್ಟಗೆ, ಮೆಲ್ಲಗೆ ಹಿಂದಕ್ಕೆ ಬಾಗುವುದು, ಐದಾರು ಸಲ. ಬಿಗಿತ ಬಂದ ಮೇಲಲ್ಲ, ಬರುವ ಮುಂಚೆ. "ಜನ ನೋಡ್ತಾರಲ್ಲ ಮೇಡಂ." ನೋಡಲಿ ಬಿಡಿ. ವಂಡರ್‌ಲಾದಲ್ಲಿ ಜನಕ್ಕೆ ನೋಡೋದಕ್ಕೆ ಬೇರೆ ಬೇಕಾದಷ್ಟಿದೆ.

ಹೋಗುವ ಮುಂಚೆ ಒಂದು ತಿಂಗಳು ಸಿಕ್ಕಿತ್ತು. ಬೆಳಗ್ಗೆ ಅರ್ಧ ಗಂಟೆ ನಡಿಗೆ. ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಜನಪ್ರಿಯ ಮಾಡಿದ ಮೂರು ವ್ಯಾಯಾಮ: ತಲೆ-ಭುಜ ಮಾತ್ರ ಸ್ವಲ್ಪ ಎತ್ತುವುದು, ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತುವುದು, ಅಂಬೆಗಾಲಿನಲ್ಲಿ ಎದುರುಬದುರಿನ ಕೈ-ಕಾಲು ಚಾಚುವುದು. ಎರಡನೆಯದಕ್ಕೆ ಟೀಚರ್ ಬೈದುಕೊಂಡೇ ಮಾಡುತ್ತಿದ್ದರು. ಕ್ಲಾಸಿನಲ್ಲಿ ನಿಲ್ಲುವ ಹೊತ್ತನ್ನು ವಾರವಾರ ಸ್ವಲ್ಪ ಏರಿಸಿದರು.

ಎರಡು ಬೇಡಿಕೆಗೆ ನಾನು ಒಪ್ಪಲಿಲ್ಲ. ಬೆಳಗ್ಗೆಯೇ ನೋವಿನ ಮಾತ್ರೆ ನುಂಗಿ ಹೋಗುತ್ತೇನೆ ಅಂದರು. ನೋವು ಬಾಯಿ ಮುಚ್ಚಿಕೊಂಡರೆ ಯಾವಾಗ ನಿಲ್ಲಿಸಬೇಕು ಅಂತ ಯಾರು ಹೇಳುತ್ತಾರೆ? ಇನ್ನೊಂದು, ಸೊಂಟದ ಬೆಲ್ಟ್ ಹಾಕಿಕೊಂಡೇ ರೈಡ್ ಹತ್ತುತ್ತೇನೆ ಅಂದರು. ರೈಡ್‌ನ ಬಾರ್ ಮತ್ತು ಸೀಟ್‌ಬೆಲ್ಟ್ ಮೈಗೆ ಸರಿಯಾಗಿ ಕೂರಬೇಕು. ಮಧ್ಯೆ ದಪ್ಪ ಪಟ್ಟಿ ಬಂದರೆ ಅದು ಕೂರುವುದಿಲ್ಲ. ಕಾರಿನಲ್ಲಿ ಬೇಕಾದರೆ ಹಾಕಿಕೊಳ್ಳಿ ಅಂದೆ.

ಆ ದಿನ

ಮಂಡ್ಯದಿಂದ ಬಿಡದಿ ಸುಮಾರು 70 ಕಿಮೀ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ಮದ್ದೂರು, ಚನ್ನಪಟ್ಟಣ, ರಾಮನಗರ ಯಾವುದನ್ನೂ ಮುಟ್ಟದೆ ಹೋಗುತ್ತದೆ. ಒಂದು ಗಂಟೆಗೆಲ್ಲ ತಲುಪಬಹುದು, ಆದರೆ ಎಲ್ಲೂ ಇಳಿಯುವುದಿಲ್ಲ. ಅದಕ್ಕೇ ನಾನು ಬೇಕೆಂದೇ ಹೇಳಿದ್ದೆ, ಮದ್ದೂರಿನಲ್ಲಿ ಹಳೇ ರಸ್ತೆಗೆ ಇಳಿದು ವಡೆ ತಿನ್ನಿ ಅಂತ. ವಡೆಯಿಂದ ಸೊಂಟಕ್ಕೆ ಲಾಭವಿಲ್ಲ. ಇಳಿದು ಹತ್ತು ನಿಮಿಷ ನಡೆಯುವುದರಿಂದ ಇದೆ.

ಮಿಕ್ಕದ್ದನ್ನು ಅವರು ಹೇಳಿದಂತೆ ಬರೆಯುತ್ತೇನೆ. ಹೋದ ತಕ್ಷಣ ಬ್ಯಾಗ್‌ಗಳೆಲ್ಲ ಲಾಕರ್‌ಗೆ. ಬೆಂಚ್ ಕಾಯುವ ಕೆಲಸ ಅಲ್ಲಿಗೇ ರದ್ದು. ಮೊದಲು ಸ್ಕೈ ವೀಲ್. ಮೇಲೆ ನಿಂತಾಗ ಮಗಳು ಹೆದರಿ ಅಮ್ಮನ ಕೈ ಹಿಡಿದುಕೊಂಡಳಂತೆ, ಅದನ್ನು ಟೀಚರ್ ಎರಡು ಸಲ ಹೇಳಿದರು. ಮಗನ ಜೊತೆ ಚಿಕ್ಕ ಮಕ್ಕಳ ರೈಡ್‌ಗಳು. ತೂಗುವ ರೈಡ್ ಒಂದರಲ್ಲಿ ಮಧ್ಯದ ಸೀಟು ಸಿಕ್ಕಿತು, ಹತ್ತಿದರು. ಮೊದಲ ತೂಗಿಗೆ ಸೊಂಟ ಕಲ್ಲಾಗಿತ್ತು, ಭಯಕ್ಕೆ. ಆಮೇಲೆ ಕಿರುಚೋದಕ್ಕೆ ಶುರು ಮಾಡಿದರಂತೆ. ಕಿರುಚಿದರೆ ಉಸಿರು ಬಿಡುತ್ತೀರಿ, ಮೈ ಸಡಿಲವಾಗುತ್ತದೆ. ಕಿರುಚಬೇಡಿ ಅಂತ ಯಾವ ಬೆನ್ನುನೋವಿನವರಿಗೂ ನಾನು ಹೇಳುವುದಿಲ್ಲ.

ರಿಕಾಯಿಲ್‌ಗೆ ಮಗಳ ಜೊತೆ ಅಪ್ಪ ಹೋದರು. ಟೀಚರ್ ಸಾಲಿನಲ್ಲಿ ನಿಲ್ಲದೆ ಹೊರಬರುವ ಕಡೆ ನೆರಳಲ್ಲಿ ಓಡಾಡಿಕೊಂಡಿದ್ದರು. ಸೊಂಟ ಗಟ್ಟಿ ಇರುವ ಯಜಮಾನರು ಇಳಿದು ಬಂದವರೇ ತಲೆಸುತ್ತು ಅಂತ ಬೆಂಚಿನ ಮೇಲೆ ಕುಳಿತರು. ಬೆಂಚಿಗೆ ಕೊನೆಗೂ ಬೇರೆ ಯಾರೋ ಸಿಕ್ಕಿದರು.

ಊಟ ಆದ ಮೇಲೆ ಹುಲ್ಲಿನ ಮೇಲೆ ಟವೆಲ್ ಹಾಸಿ, ಮಂಡಿ ಮಡಿಸಿ ಹದಿನೈದು ನಿಮಿಷ ಮಲಗಿದ್ದರು. ಮಧ್ಯಾಹ್ನವೆಲ್ಲ ನೀರು. ರೈನ್ ಡಿಸ್ಕೋದಲ್ಲಿ ಕುಣಿದದ್ದನ್ನು ಮಗಳು ನೋಡಿ ನಾಚಿಕೊಂಡಳಂತೆ. ಸಂಜೆ ಆರಕ್ಕೆ ಹೊರಟಾಗ ಬಿಗಿತ ಹತ್ತರಲ್ಲಿ ಎರಡು ಅಂತ ಅವರ ಲೆಕ್ಕ. ಶಾಲೆಯಲ್ಲಿ ಮಾಮೂಲಿ ದಿನ ಮೂರು ಇರುತ್ತದೆ.

ರಾತ್ರಿ ಬಂದ ಫೋನ್

ಮಗ ಐದು ವರ್ಷದವನು, 18 ಕೆಜಿ. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ. ಗಂಡ ಗೇಟ್ ತೆಗೆಯುತ್ತಿದ್ದರು. ಟೀಚರ್ ಇಳಿದವರೇ ಕಾರಿನೊಳಗೆ ಬಗ್ಗಿ, ಅರ್ಧ ತಿರುಗಿ, ಮಗುವನ್ನು ಎತ್ತಿಕೊಂಡರು. ಸೊಂಟದಲ್ಲಿ ಚಳಕ್ ಅಂತು.

ಜರ್ಮನಿಯ ಊಲ್ಮ್‌ನಲ್ಲಿ ಹಾನ್ಸ್-ಯೋಕಿಮ್ ವಿಲ್ಕೆ ಮತ್ತು ಜೊತೆಗಾರರು 1999ರಲ್ಲಿ ಒಬ್ಬ ಸ್ವಯಂಸೇವಕನ ಡಿಸ್ಕ್‌ನೊಳಗೇ ಒತ್ತಡ ಅಳೆಯುವ ಸೂಜಿ ಇಟ್ಟು ನೋಡಿದ್ದರು. ಮಲಗಿದಾಗ 0.1 ಮೆಗಾಪಾಸ್ಕಲ್. ಸುಮ್ಮನೆ ನಿಂತಾಗ 0.5. ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3. ಅಷ್ಟೇ ತೂಕವನ್ನು ಮಂಡಿ ಮಡಿಸಿ ಎತ್ತಿದಾಗ 1.7. ನಿಂತಾಗಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಒತ್ತಡ, ಅದೂ ಒಂದು ಗಂಟೆ ಕಾರಿನಲ್ಲಿ ಮುದುರಿ ಕುಳಿತ ಬೆನ್ನಿಗೆ, ದಿನದ ಕೊನೆಗೆ, ತಿರುಚಿದ ಭಂಗಿಯಲ್ಲಿ. ಬಹಳ ಹೊತ್ತು ಬಾಗಿ ಕುಳಿತಾಗ ಬೆನ್ನಿನ ಹಿಂಬದಿಯ ಪಟ್ಟಿಗಳು ಎಳೆದುಕೊಂಡು ಸಡಿಲವಾಗಿರುತ್ತವೆ. ಎದ್ದು ಕೆಲವು ನಿಮಿಷ ಓಡಾಡುವವರೆಗೆ ಅವು ಮೊದಲಿನಂತೆ ಆಗುವುದಿಲ್ಲ.

ರಾತ್ರಿ ಹತ್ತಕ್ಕೆ ಫೋನ್. ಕಾಲಿಗೆ ಇಳಿದಿದೆಯಾ? ಇಲ್ಲ. ಜೋಮು? ಇಲ್ಲ. ಮೂತ್ರ ಸರಿಯಾಗಿ ಹೋಯಿತಾ? ಹೋಯಿತು. ಹಾಗಿದ್ದರೆ ಬೆಳಗ್ಗೆವರೆಗೆ ಕಾಯಬಹುದು. ಬಿಸಿನೀರಿನ ಚೀಲ ಇಟ್ಟು ಮಲಗಿ, ಬೆಳಗ್ಗೆ ಎದ್ದು ಹಜಾರದಲ್ಲೇ ನಡೆಯಿರಿ, ಹಾಸಿಗೆ ಹಿಡಿಯಬೇಡಿ ಅಂದೆ. ಮಾರನೇ ದಿನ ಪರೀಕ್ಷೆ ಮಾಡಿದಾಗ ನರದ ಲಕ್ಷಣ ಏನೂ ಇರಲಿಲ್ಲ. ಹಿಂದಕ್ಕೆ ಬಾಗುವ ವ್ಯಾಯಾಮ, ಚಿಕ್ಕ ಚಿಕ್ಕ ನಡಿಗೆ. ನಾಲ್ಕನೇ ದಿನ ಶಾಲೆಯ ಕೆಲಸಕ್ಕೆ ಹೋದರು. ಹತ್ತು ದಿನಕ್ಕೆ ಹಳೇ ಸ್ಥಿತಿ.

ಮನೆಯಲ್ಲಿ ಮಾತ್ರ ತೀರ್ಪು ಆಗಿಹೋಗಿತ್ತು. "ಹೇಳ್ಲಿಲ್ವಾ ನಾನು" ಅಂತ ಅತ್ತೆ. ಟೀಚರ್ ಕೂಡ ತೂಗುವ ರೈಡ್ ಮೇಲೇ ಅನುಮಾನ ಪಟ್ಟರು. ರೈಡ್‌ನದ್ದು ಒಂದು ಚೂರೂ ಪಾಲಿಲ್ಲ ಅಂತ ನಾನು ಸಾಬೀತು ಮಾಡಲಾರೆ. ದಿನದ ಸುಸ್ತಿನಲ್ಲಿ ಎಲ್ಲವೂ ಸೇರಿರುತ್ತದೆ. ಆದರೆ ರೈಡ್ ಇಳಿದು ಐದಾರು ಗಂಟೆ ಆರಾಮವಾಗಿದ್ದು, ನೀರಲ್ಲಿ ಕುಣಿದು, ಹತ್ತರಲ್ಲಿ ಎರಡು ನೋವಿನಲ್ಲಿ ಪಾರ್ಕಿನಿಂದ ಹೊರಟವರಿಗೆ, ಮನೆ ಗೇಟಿನ ಮುಂದೆ ಮಗು ಎತ್ತಿದ ಕ್ಷಣಕ್ಕೆ ಸೊಂಟ ಹಿಡಿದರೆ ನಾನು ಬೊಟ್ಟು ಮಾಡುವುದು ಆ ಕ್ಷಣದ ಕಡೆಗೇ. ಎರಡು ವರ್ಷದ ಹಿಂದೆಯೂ ಅವರ ಸೊಂಟ ಹಿಡಿದದ್ದು ಸಿಲಿಂಡರ್‌ನಿಂದ. ಬಗ್ಗಿ, ತಿರುಗಿ, ಭಾರ ಎತ್ತುವುದು. ಎರಡೂ ಮನೆಗೆಲಸದಲ್ಲೇ ಆದದ್ದು. ಹಾಗಂತ ಇನ್ನು ಮೇಲೆ ಸಿಲಿಂಡರ್ ಮುಟ್ಟಬೇಡಮ್ಮ, ಮಗು ಎತ್ತಬೇಡಮ್ಮ ಅಂತ ಯಾರೂ ಅವರಿಗೆ ಹೇಳಿಲ್ಲ. ಪಾರ್ಕಿಗೆ ಹೋಗಬೇಡ ಅಂತ ಮಾತ್ರ ಎಲ್ಲರೂ ಹೇಳಿದ್ದರು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಇದನ್ನು ಓದಿ ಸೊಂಟನೋವಿನವರೆಲ್ಲ ಹೊರಟುಬಿಡಬಾರದು. ಕಾಲಿಗೆ ಚಳುಕು ಇನ್ನೂ ಇರುವವರು, ಇತ್ತೀಚೆಗೆ ಬೆನ್ನಿನ ಆಪರೇಷನ್ ಆದವರು, ಮೂಳೆ ಸವೆದ ಹಿರಿಯರು ಕುಲುಕುವ ಯಾವ ರೈಡೂ ಹತ್ತಬಾರದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನು ಸೆಟೆದವರಂತೂ ಖಂಡಿತ ಬೇಡ, ಅವರ ಬೆನ್ನುಮೂಳೆ ಚಿಕ್ಕ ಏಟಿಗೂ ಮುರಿಯಬಹುದು. ಮೂಳೆ ಮುಂದಕ್ಕೆ ಜರುಗಿದೆ ಅಂತ ಎಕ್ಸ್‌ರೇಯಲ್ಲಿ ಬಂದವರು ತಮ್ಮ ಡಾಕ್ಟರನ್ನು ಕೇಳದೆ ಹೊರಡಬಾರದು.

ಟೀಚರ್ ಈಗ ವಾರಕ್ಕೊಂದು ದಿನ ವ್ಯಾಯಾಮಕ್ಕೆ ಬರುತ್ತಾರೆ. ಭಾರ ಎತ್ತುವುದನ್ನು ಕಲಿಸುತ್ತಿದ್ದೇನೆ, ಮೊದಲು ಖಾಲಿ ಬಕೆಟ್, ಆಮೇಲೆ ನೀರು ತುಂಬಿದ್ದು. ಮಗ ಕಾರಿನಲ್ಲಿ ನಿದ್ದೆ ಹೋದರೆ ಅಪ್ಪ ಎತ್ತುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ದಸರಾಗೆ ಮೈಸೂರಿನ ವಸ್ತುಪ್ರದರ್ಶನಕ್ಕೆ ಹೋಗುವ ಯೋಚನೆ ಇದೆಯಂತೆ. ಜಾಯಿಂಟ್ ವೀಲ್ ಸರಿ ಅಂದೆ. ಬ್ರೇಕ್ ಡ್ಯಾನ್ಸ್ ಪಕ್ಕಕ್ಕೆ ಎಸೆಯುತ್ತದೆ, ಅದು ಬೇಡ ಅಂದೆ. ಟೋರಾ ಟೋರಾ ಕೇಳಿದರು. ಅದೂ ಬೇಡ ಅಂದೆ, ಚರ್ಚೆ ಇನ್ನೂ ನಡೀತಿದೆ.